ಸಟೈವಾ ಎಂಬ ಹೆಸರು, ಗಾಂಜಾದ ಪರಿಮಳ

ಗಾಂಜಾದಲ್ಲಿ ಎರಡು ಜಾತಿಯುಂಟು, ‘ಇಂಡಿಕಾ’ ನಿದ್ದೆ ತರಿಸುವುದು, ‘ಸಟೈವಾ’ ಉಲ್ಲಾಸ ಕೊಡುವುದು, ಎರಡನೆಯದನ್ನು ಸೇದಿ ಕೆಲಸ ಮಾಡಲು ಅಡ್ಡಿಯಿಲ್ಲ ಎಂಬ ಮಾತು ಈಚೆಗೆ ನಮ್ಮ ತೋಟಗಳ ಕಡೆಯ ಹುಡುಗರ ಬಾಯಲ್ಲೂ ಕೇಳಿಬರುತ್ತಿದೆ. ಕಾಲೇಜು ಕಲಿತವರು ಕೂಡ ಇದನ್ನು ಶಾಸ್ತ್ರವಾಕ್ಯವೆಂಬಂತೆ ಆಡುತ್ತಾರೆ. ತಳಿ, ಬೀಜ, ಪರಿಮಳ ಇವು ಬೆಳೆಗಾರರಾದ ನಮಗೆ ತಿಳಿಯದ ವಿಷಯಗಳಲ್ಲ. ಆದುದರಿಂದ ಈ ಮಾತನ್ನು ಒರೆಗೆ ಹಚ್ಚಿ ನೋಡುವುದು ಯುಕ್ತವೆಂದು ಭಾವಿಸುತ್ತೇವೆ.

ಮೊದಲು ಹೆಸರಿನ ವಿಚಾರ. ಅರೇಬಿಕಾ ಕಾಫಿ, ಅಡಿಕೆ, ಕಾಳುಮೆಣಸು ಇವಕ್ಕೆ ಸಸ್ಯಶಾಸ್ತ್ರದ ಹೆಸರಿಟ್ಟ ಲಿನೇಯಸ್, 1753ರ ಅದೇ ಗ್ರಂಥದಲ್ಲಿ ಗಾಂಜಾ ಗಿಡವನ್ನು ‘ಕ್ಯಾನಬಿಸ್ ಸಟೈವಾ’ ಎಂದು ಕರೆದ. ಲ್ಯಾಟಿನ್ನಿನಲ್ಲಿ ಸಟೈವಾ ಎಂದರೆ ಬಿತ್ತಿ ಬೆಳೆದದ್ದು ಎಂದಷ್ಟೇ ಅರ್ಥ. ಭತ್ತದ ಹೆಸರೂ ‘ಒರೈಜಾ ಸಟೈವಾ’ವೇ, ಮಧ್ಯಾಹ್ನ ಅದನ್ನು ಉಂಡವರಿಗೆ ಬರುವುದು ನಿದ್ದೆಯೇ ಹೊರತು ಉಲ್ಲಾಸವಲ್ಲ! 1785ರಲ್ಲಿ ಫ್ರಾನ್ಸಿನ ಲಾಮಾರ್ಕ್ ಭಾರತದಿಂದ ಹೋದ ಗಿಡವನ್ನು ನೋಡಿ ‘ಇಂಡಿಕಾ’ ಎಂದ. ಆತ ವರ್ಣಿಸಿದ್ದು ಕಿರಿದಾದ ಎಲೆಯ ಗಿಡವನ್ನು. ಇಂದಿನ ವ್ಯಾಪಾರಿಗಳು ಕಿರಿದಾದ ಎಲೆಯದಕ್ಕೇ ಸಟೈವಾ ಎನ್ನುತ್ತಾರೆ. ಹೆಸರು ತಲೆಕೆಳಗಾಗಿದೆ.

‘ಸಟೈವಾ ಪ್ರಧಾನ’ವೆಂದು ಹೆಸರಾದ ತಳಿಗಳಲ್ಲಿ ‘ಜ್ಯಾಕ್ ಹೆರರ್’ ಎಂಬುದೊಂದು. 1990ರ ದಶಕದಲ್ಲಿ ನೆದರ್ಲೆಂಡ್ಸಿನಿಂದ ಹೊರಬಂದದ್ದು. ಗಾಂಜಾ ನಿಷೇಧದ ವಿರುದ್ಧ ಹೋರಾಡಿದ ಅಮೆರಿಕದವನೊಬ್ಬನ ಹೆಸರು. ಇದರ ಮೂಲ, 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ‘ಹೇಜ್’. ಅದರಲ್ಲಿ ಕೊಲಂಬಿಯಾ, ಮೆಕ್ಸಿಕೊ, ಥಾಯ್ಲೆಂಡ್‌ಗಳ ಜೊತೆಗೆ ನಮ್ಮ ನೆರೆಯ ಕೇರಳದ ಗಿಡದ ರಕ್ತವೂ ಇದೆಯೆಂದು ಆ ಕಡೆಯವರೇ ಹೇಳಿಕೊಳ್ಳುತ್ತಾರೆ. ಅದು ನಿಜವಾದರೆ, ಬೀಜ ಹೋದದ್ದು ಪಶ್ಚಿಮ ಘಟ್ಟದಿಂದ, ಲಾಭ ಕಟ್ಟಿಕೊಂಡದ್ದು ಹೊರದೇಶದ ಬೀಜದಂಗಡಿ. ಮಾತು ಅತ್ತ ಹೋಯಿತು, ಇರಲಿ.

ಹೇಜ್ ಗಿಡ ಎತ್ತರಕ್ಕೆ ಬೆಳೆದು, ಹೂವಾಗಿ ಮಾಗಲು ಮೂರು ತಿಂಗಳಿಗೂ ಹೆಚ್ಚು ಹಿಡಿಯುತ್ತಿತ್ತು. ಗಿಡ್ಡ ತಳಿಗಳೊಡನೆ ಕೂಡಿಸಿ ಜ್ಯಾಕ್ ಹೆರರಿನಲ್ಲಿ ಈ ಅವಧಿಯನ್ನು ಒಂಬತ್ತು ಹತ್ತು ವಾರಕ್ಕೆ ಇಳಿಸಿದ್ದಾರೆ. ಪರಿಮಳ ಪೈನ್ ಮರದ ರಾಳದ್ದು, ನಿಂಬೆ ಸಿಪ್ಪೆಯದು, ಹಿಂದೆಯೇ ಮೆಣಸಿನ ಘಾಟು. ಇದರಲ್ಲಿ ಪವಾಡವೇನೂ ಇಲ್ಲ. ಘಾಟು ಕೊಡುವ ಕ್ಯಾರಿಯೋಫಿಲಿನ್ ನಮ್ಮ ಕಾಳುಮೆಣಸಿನಲ್ಲಿ ಧಾರಾಳವಾಗಿದೆ. ಲಿಮೋನಿನ್ ಕೊಡಗಿನ ಕಿತ್ತಳೆ ಸಿಪ್ಪೆಯಲ್ಲಿದೆ. ಈ ತಳಿಯ ಗುರುತೆನ್ನುವ ಟರ್ಪಿನೋಲಿನ್ ಜಾಯಿಕಾಯಿಯ ಎಣ್ಣೆಯಲ್ಲೂ ಸ್ವಲ್ಪ ಇದೆ.

ಅಮಲು ಬರಿಸುವುದು ಇವಾವುವೂ ಅಲ್ಲ, ಟಿಎಚ್‌ಸಿ ಎಂಬ ದ್ರವ್ಯ. ಅದಕ್ಕೆ ಪರಿಮಳವೇ ಇಲ್ಲ. ಕೆಫೀನಿಗೆ ವಾಸನೆಯಿಲ್ಲದಿರುವುದೂ, ಕೆಫೀನ್ ತೆಗೆದ ಕಾಫಿಯೂ ಘಮಘಮಿಸುವುದೂ ನಮಗೆ ಗೊತ್ತು. ಮೂಸಿ ನೋಡಿ ಕಾಫಿಯ ಕೆಫೀನನ್ನು ಅಳೆಯಲಾಗದವರು ಗಾಂಜಾದ ಗುಣವನ್ನು ಅಳೆಯುತ್ತೇವೆಂದರೆ ಒಪ್ಪುವುದು ಹೇಗೆ?

ತಳಿಶುದ್ಧಿಯ ಮಾತೂ ಹೀಗೆಯೇ. ಗಾಂಜಾದಲ್ಲಿ ಜಾಯಿಕಾಯಿಯಂತೆ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಪರಾಗ ಗಾಳಿಯಲ್ಲಿ ಹಾರುತ್ತದೆ. ರೊಬಸ್ಟಾ ಬೀಜ ಬಿತ್ತಿದರೆ ಒಂದು ಗಿಡದಂತೆ ಇನ್ನೊಂದಿರದು. ಇಲ್ಲಿಯೂ ಅಷ್ಟೆ. ಕಡ್ಡಿ ನೆಟ್ಟು ಬೆಳೆಸಿದ ಹೊರತು ಹೆಸರಿಗೆ ಬೆಲೆಯಿಲ್ಲ. 2021ರಲ್ಲಿ ಪ್ರಕಟವಾದ ಒಂದು ಸಂಶೋಧನೆ ನೆದರ್ಲೆಂಡ್ಸಿನ ಮಾದರಿಗಳನ್ನು ಪರೀಕ್ಷಿಸಿ, ಸಟೈವಾ ಇಂಡಿಕಾ ಎಂಬ ಚೀಟಿಗೂ ಗಿಡದ ವಂಶಕ್ಕೂ ಹೆಚ್ಚು ಸಂಬಂಧವಿಲ್ಲ, ಇರುವುದು ಪರಿಮಳದ ಕೆಲವು ಅಂಶಗಳಿಗೆ ಮಾತ್ರ ಎಂದು ಕಂಡುಕೊಂಡಿತು. ಅಂದರೆ ಮೂಗಿಗೆ ತೋರಿದ್ದನ್ನು ಚೀಟಿಯ ಮೇಲೆ ಬರೆದಿದ್ದಾರೆ.

ಉಲ್ಲಾಸದ ವಿಷಯ. ಸೇದಿದವರಿಗೆ ಮಾತು, ನಗು ಹೆಚ್ಚುವುದು ಸುಳ್ಳಲ್ಲ. ಅದೇ ಹೊತ್ತಿಗೆ ಎದೆಬಡಿತ ಏರುತ್ತದೆ, ಹೊತ್ತಿನ ಅಂದಾಜು ತಪ್ಪುತ್ತದೆ, ಕೈಕಾಲು ತಡವಾಗಿ ಓಡುತ್ತವೆ. ಪ್ರಮಾಣ ಮೀರಿದರೆ ದಿಗಿಲು ಹತ್ತುತ್ತದೆ. ಎಳೆಯ ವಯಸ್ಸಿನಲ್ಲಿ ಅಭ್ಯಾಸವಾದವರಲ್ಲಿ ಚಿತ್ತವಿಕಾರದ ಅಪಾಯ ಹೆಚ್ಚು. ಅಡಿಕೆ ಕೊನೆ ತೆಗೆಯಲು ಮರವೇರುವವನಿಗೆ, ಮೆಣಸು ಕೊಯ್ಯಲು ಏಣಿ ಹತ್ತುವವನಿಗೆ ಇದು ‘ಕೆಲಸಕ್ಕೆ ಅಡ್ಡಿಯಿಲ್ಲದ’ ಜಾತಿಯೆಂದು ಹೇಳಿಕೊಡುವವರು ಮರದ ಬುಡದಲ್ಲಿ ಒಂದು ದಿನ ನಿಂತು ನೋಡಬೇಕು.

ಕಾಫಿಯ ನೆರಳಿನಲ್ಲಿ ನಾಲ್ಕು ಗಿಡ ಹಾಕಿದರೆ ಯಾರಿಗೆ ತಿಳಿದೀತು ಎನ್ನುವವರಿಗೊಂದು ಮಾತು. 1985ರ ಮಾದಕ ದ್ರವ್ಯ ಕಾಯಿದೆಯು ಸಟೈವಾ ಇಂಡಿಕಾ ಭೇದ ಎಣಿಸುವುದಿಲ್ಲ. ಪರವಾನಗಿಯಿಲ್ಲದೆ ಬೆಳೆದವನಿಗೆ 20ನೆಯ ಕಲಮಿನ ಪ್ರಕಾರ 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. 46ನೆಯ ಕಲಮನ್ನು ನಮ್ಮ ಸದಸ್ಯರು ವಿಶೇಷವಾಗಿ ಗಮನಿಸಬೇಕು: ತನ್ನ ಜಮೀನಿನಲ್ಲಿ ಅಕ್ರಮವಾಗಿ ಗಾಂಜಾ ಬೆಳೆದಿರುವುದು ತಿಳಿದೂ ಅಧಿಕಾರಿಗಳಿಗೆ ಒಡನೆ ತಿಳಿಸದ ಹಿಡುವಳಿದಾರನೂ ಶಿಕ್ಷೆಗೆ ಗುರಿ. ಹಾಕಿದವನು ಲೈನಿನ ಆಳೋ ಪಕ್ಕದವನೋ ಆಗಿರಲಿ, ಕಂಡೂ ಸುಮ್ಮನಿದ್ದರೆ ಹೊಣೆ ನಮ್ಮದೇ.

ಉತ್ತರಾಖಂಡದಲ್ಲಿ ಪರವಾನಗಿ ಕೊಡುತ್ತಿರುವುದನ್ನು ಕೆಲವರು ಎತ್ತಿ ತೋರಿಸುತ್ತಾರೆ. ಅದು ನಾರಿಗಾಗಿ, ಬೀಜಕ್ಕಾಗಿ ಬೆಳೆಯುವ ಸೆಣಬಿನ ಬಗೆ; ಟಿಎಚ್‌ಸಿ ನೂರಕ್ಕೆ 0.3ರೊಳಗಿರಬೇಕು. ಜ್ಯಾಕ್ ಹೆರರಿನಂಥವುಗಳಲ್ಲಿ 15ರಿಂದ 20ರವರೆಗೆ ಇರುವುದುಂಟು. ಆ ನಾರಿನ ಬೆಳೆ ನಮ್ಮ ಮಳೆಗೆ, ಮಣ್ಣಿಗೆ ಒಗ್ಗುವುದೇ ಎಂಬುದು ಬೇರೆಯೇ ಪ್ರಶ್ನೆ. ಬಯಸುವ ಸದಸ್ಯರು ಮುಂದಿನ ಸಭೆಯಲ್ಲಿ ಎತ್ತಬಹುದು.