ಇಸುಬಿರುವ ಮಗುವಿನ ಮೊಟ್ಟೆ ತಪ್ಪಿಸಬೇಡಿ



ಮಗುವಿನ ಮೈಮೇಲೆ ಇಸುಬು ಕಾಣಿಸಿತೆಂದರೆ ಹೋಳೂರು ಸುತ್ತಿನ ಹಳ್ಳಿಗಳಲ್ಲಿ ಮೊದಲು ನಿಲ್ಲುವುದು ಮೊಟ್ಟೆ. ಆಮೇಲೆ ಕಡಲೆಕಾಯಿ, ಬದನೆಕಾಯಿ, ಕೊನೆಗೆ ಹಾಲು. ‘ನಂಜಾಗುತ್ತೆ ಮೇಡಂ, ಕೊಡಬೇಡಿ’ ಎಂದು ತಾಯಿ ಹೇಳಿದರೆ ಸಾಕು, ಶಾಲೆಯಾಗಲಿ ಅಂಗನವಾಡಿಯಾಗಲಿ ಮರುಮಾತಾಡುವುದಿಲ್ಲ. ಆ ತಾಯಿಯನ್ನು ನಾನು ದೂರುವುದಿಲ್ಲ. ರಾತ್ರಿಯಿಡೀ ನವೆಯಿಂದ ಅಳುವ ಕೂಸನ್ನು ಎತ್ತಿಕೊಂಡು ಕೂತವಳು ಅವಳೇ. ಅವಳಿಗೆ ಸರಿಯಾಗಿ ತಿಳಿಸಿ ಹೇಳುವವರು ಇಲ್ಲದಿರುವುದೇ ನನ್ನ ತಕರಾರು.

ಇಸುಬು ಹೆಚ್ಚಾಗಿ ಚರ್ಮದ್ದೇ ತೊಂದರೆ. ತೇವ ಹಿಡಿದಿಟ್ಟುಕೊಳ್ಳಲಾರದ ಚರ್ಮ ಒಣಗುತ್ತದೆ, ಮಗು ಕೆರೆಯುತ್ತದೆ, ಹುಣ್ಣಾಗುತ್ತದೆ. ನಮ್ಮ ಬೋರ್‌ವೆಲ್‌ಗಳ ಗಡಸು ನೀರಿನಲ್ಲಿ ಸೋಪು ತಿಕ್ಕಿ ತಿಕ್ಕಿ ಮೀಯಿಸಿದರೆ ಇನ್ನಷ್ಟು ಕೆರಳುತ್ತದೆ. ಊಟದಿಂದ ತೊಂದರೆಯಾಗುವ ಮಕ್ಕಳೂ ಉಂಟು. ಮೊಟ್ಟೆ ತಿಂದ ಸ್ವಲ್ಪ ಹೊತ್ತಿಗೇ ತುಟಿ ಊದಿ, ದದ್ದೆದ್ದು, ವಾಂತಿಯಾದರೆ ಅದು ಅಲರ್ಜಿ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು, ವೈದ್ಯರು ಹೇಳುವವರೆಗೆ ಮತ್ತೆ ಕೊಡಬಾರದು. ಆದರೆ ಯಾವ ಪರೀಕ್ಷೆಯೂ ಇಲ್ಲದೆ ಹೇರುವ ಪಥ್ಯದಿಂದ ಮಗು ಸೊರಗುತ್ತದೆಯೇ ಹೊರತು ಇಸುಬು ಬಿಡುವುದಿಲ್ಲ. ಸತುವಿನ ತೀವ್ರ ಕೊರತೆಯಾದರೆ ಬಾಯಿಯ ಸುತ್ತ ಇಸುಬಿನಂಥದೇ ದದ್ದು ಏಳುತ್ತದೆ. ಅಂಥ ಮಗುವಿಗೂ ಊಟ ಕಡಿತವಾದರೆ ಏನು ಗತಿ?

ದೂರವಿಟ್ಟರೆ ಒಳಿತೆಂಬ ನಂಬಿಕೆಯೂ ಸದಾ ನಿಜವಲ್ಲ. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳ ಮೇಲೆ ಲಂಡನ್ನಿನಲ್ಲಿ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ವೈದ್ಯರ ನಿಗಾದಲ್ಲಿ ಎಳವೆಯಿಂದಲೇ ಕಡಲೆಕಾಯಿ ತಿನಿಸು ತಿಂದವರಿಗಿಂತ, ಅದನ್ನು ದೂರವಿಟ್ಟವರಲ್ಲೇ ಐದನೇ ವರ್ಷಕ್ಕೆ ಕಡಲೆಕಾಯಿ ಅಲರ್ಜಿ ಬಹಳ ಹೆಚ್ಚಾಗಿತ್ತು.

ನಮ್ಮ ರಾಜ್ಯದಲ್ಲಿ 2013ರಿಂದ ಕ್ಷೀರಭಾಗ್ಯ ಯೋಜನೆಯ ಹಾಲು, 2022ರಿಂದ ಎಲ್ಲ ಜಿಲ್ಲೆಗಳ ಶಾಲೆಗಳಲ್ಲೂ ಮೊಟ್ಟೆ ಬರುತ್ತಿದೆ. ಬಂದದ್ದು ಮಗುವಿನ ಹೊಟ್ಟೆ ಸೇರಬೇಕಲ್ಲವೇ? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರಬೇಕೆಂಬ ನಿಯಮವಿದೆ. ಚರ್ಮರೋಗವೂ ಅದರ ಪಟ್ಟಿಯಲ್ಲಿದೆ. ಮೊಟ್ಟೆ, ಹಾಲು ಬಿಟ್ಟಿರುವ ಪ್ರತಿ ಮಗುವನ್ನೂ ಆ ತಂಡದ ವೈದ್ಯರು ನೋಡಲಿ. ಯಾವುದನ್ನು, ಯಾಕೆ ಬಿಡಬೇಕೆಂದು ಬರೆದುಕೊಡಲಿ. ಬಿಡಬೇಕಿಲ್ಲದಿದ್ದರೆ ತಾಯಿಯನ್ನು ಕೂರಿಸಿಕೊಂಡು ವಿವರಿಸಲಿ. ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ತರುವ ಸ್ಟೀರಾಯ್ಡ್ ಮುಲಾಮುಗಳ ಅಪಾಯವನ್ನೂ ಹೇಳಲಿ. ಚರ್ಮದ ತೇವ ಕಾಯುವ ಸಾಮಾನ್ಯ ಮುಲಾಮು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸದಾ ಸಿಗುವಂತಾಗಲಿ. ಮುಂದಿನ ತಪಾಸಣೆಗೆ ಮೊದಲೇ ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಸೂಚನೆ ಹೊರಡಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಶಿಕ್ಷಕಿ, ಹೋಳೂರು, ಕೋಲಾರ ತಾಲ್ಲೂಕು