ಸ್ಕ್ಯಾನ್ ಮಾಡುವುದೂ ಒಂದು ಓದು

ಗೇಮ್ ಎಂದ ಕೂಡಲೇ ಸ್ಟಾಫ್‌ರೂಮಿನಲ್ಲೂ ಮನೆಯಲ್ಲೂ ಬರುವ ಮಾತು ಒಂದೇ: ಓದು ಹಾಳು. ಈ ಮಾತಿನಲ್ಲಿ ಸುಳ್ಳಿಲ್ಲ. ರಾತ್ರಿ ಎರಡರವರೆಗೆ ಫ್ರೀ ಫೈರ್ ಆಡಿ ಮೊದಲ ಪಿರಿಯಡ್‌ನಲ್ಲಿ ತೂಕಡಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾನು ಒಪ್ಪುವುದಿಲ್ಲ. ಒಂದು ಆಟದ ಒಂದು ಭಾಗ, ನಮ್ಮ ಲ್ಯಾಬ್ ಕಲಿಸದ ಪಾಠವೊಂದನ್ನು ಕಲಿಸುತ್ತದೆ. ಆ ಪಾಠವನ್ನು ಆಟದಿಂದ ಬಿಡಿಸಿಕೊಂಡು ಕಾಲೇಜಿನೊಳಕ್ಕೆ ತರಬೇಕು ಎನ್ನುವುದು ಈ ಲೇಖನದ ವಾದ.

ಆ ಆಟದ ಹೆಸರು ಈವ್ ಆನ್‌ಲೈನ್. ಐಸ್‌ಲ್ಯಾಂಡಿನ ಸಿಸಿಪಿ ಎಂಬ ಕಂಪನಿ 2003ರಲ್ಲಿ ಶುರು ಮಾಡಿದ್ದು. ಅದರಲ್ಲಿ ಏಳು ಸಾವಿರಕ್ಕೂ ಹೆಚ್ಚು ನಕ್ಷತ್ರ ವ್ಯವಸ್ಥೆಗಳಿವೆ. ಯುದ್ಧ, ವ್ಯಾಪಾರ, ಗಣಿಗಾರಿಕೆ ಎಲ್ಲವೂ ಇದೆ. ರಜೆಯಲ್ಲಿ ಹುಬ್ಬಳ್ಳಿಯ ಖಾಲಾ ಮನೆಗೆ ಹೋದಾಗ ಅಣ್ಣನ ಕಂಪ್ಯೂಟರ್‌ನಲ್ಲಿ ಆಡಿ ನೋಡಿದೆ. ನನಗೆ ಹಿಡಿಸಿದ್ದು ಯುದ್ಧವಲ್ಲ, ಹುಡುಕಾಟ.

ಹುಡುಕಾಟ ಹೀಗಿರುತ್ತದೆ. ಆಕಾಶದಲ್ಲಿ ಎಲ್ಲೋ ಏನೋ ಇದೆ ಎಂಬ ಸುಳಿವು ಮಾತ್ರ ಮೊದಲು ಸಿಗುತ್ತದೆ. ಅದು ಹಳೆಯ ಅವಶೇಷವೋ, ಬೇರೆ ಕಡೆಗೆ ದಾಟಿಸುವ ವರ್ಮ್‌ಹೋಲೋ ಗೊತ್ತಾಗುವುದಿಲ್ಲ. ಹಡಗಿನಿಂದ ಎಂಟು ಪ್ರೋಬ್‌ಗಳನ್ನು ಬಿಡಬೇಕು. ಅವುಗಳನ್ನು ಸುಳಿವಿನ ಸುತ್ತ ಜೋಡಿಸಿ, ಸ್ಕ್ಯಾನ್ ಮಾಡಿ, ಜಾಗ ಸರಿಪಡಿಸಿ, ವ್ಯಾಪ್ತಿ ಕಿರಿದು ಮಾಡಿ, ಮತ್ತೆ ಸ್ಕ್ಯಾನ್ ಮಾಡಬೇಕು. ಸಿಗ್ನಲ್ ಶೇ 100 ಮುಟ್ಟುವವರೆಗೆ ಹಡಗು ಅಲ್ಲಿಗೆ ಹೋಗುವುದಿಲ್ಲ. ಶೇ 90 ಬಂದರೂ ‘ಸಾಕು ಬಿಡಿ’ ಎನ್ನುವಂತಿಲ್ಲ.

ಇದರ ಹಿಂದಿರುವುದು ನಾವು ಓದುವ ಗಣಿತವೇ. ಒಂದು ಕಡೆಯಿಂದ ದೂರ ಗೊತ್ತಾದರೆ ವಸ್ತು ಒಂದು ಗೋಳದ ಮೇಲೆ ಎಲ್ಲಾದರೂ ಇರಬಹುದು. ಎರಡು ಕಡೆಯಿಂದ ಗೊತ್ತಾದರೆ ಒಂದು ವೃತ್ತ ಉಳಿಯುತ್ತದೆ. ಮೂರು ಕಡೆಯಿಂದ ಎರಡು ಬಿಂದು, ನಾಲ್ಕನೆಯದರಿಂದ ಒಂದೇ ಬಿಂದು. ನಮ್ಮ ಮೊಬೈಲ್‌ನ ಜಿಪಿಎಸ್ ಕೂಡ ನಾಲ್ಕು ಉಪಗ್ರಹ ಕೇಳುತ್ತದೆ. ಮೂರು ಜಾಗಕ್ಕೆ, ಇನ್ನೊಂದು ಗಡಿಯಾರದ ತಪ್ಪು ಸರಿಪಡಿಸಲು. ಮೂರು ಆಯಾಮದ ರೇಖಾಗಣಿತ ಯಾತಕ್ಕೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಆದರೆ ಗಣಿತಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ. ನಮ್ಮ ಲ್ಯಾಬಿನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ರೀಡಿಂಗ್ ಆ ಉತ್ತರಕ್ಕೆ ಹೊಂದದಿದ್ದರೆ ರೀಡಿಂಗನ್ನೇ ತಿದ್ದುವ ಚಾಳಿ ಯಾವ ಕಾಲೇಜಿನಲ್ಲಿ ಇಲ್ಲ ಹೇಳಿ? ಹುಡುಕಾಟದಲ್ಲಿ ಉತ್ತರ ಯಾರಿಗೂ ಗೊತ್ತಿರುವುದಿಲ್ಲ. ಮಸುಕಾದ ಸುಳಿವನ್ನು ತಿದ್ದದೆ, ಬಿಡದೆ, ಸ್ವಲ್ಪ ಸ್ವಲ್ಪವಾಗಿ ಸ್ಪಷ್ಟ ಮಾಡಿಕೊಳ್ಳಬೇಕು. ವಿಜ್ಞಾನ ಎಂದರೆ ಅದೇ ಅಲ್ಲವೇ?

ಇದು ಬರೀ ಆಟದ ಮಾತಲ್ಲ. 2016ರಲ್ಲಿ ಈವ್ ಆಟದೊಳಗೆ ‘ಪ್ರಾಜೆಕ್ಟ್ ಡಿಸ್ಕವರಿ’ ಎಂಬ ವಿಭಾಗ ಬಂತು. ಮೊದಲು ಮಾನವ ಜೀವಕೋಶಗಳ ಪ್ರೋಟೀನ್ ಚಿತ್ರಗಳನ್ನು ಆಟಗಾರರು ವಿಂಗಡಿಸಿದರು. 2017ರಲ್ಲಿ ಬೇರೆ ನಕ್ಷತ್ರಗಳ ಸುತ್ತಲಿನ ಗ್ರಹಗಳನ್ನು ಹುಡುಕುವ ಕೆಲಸ ಬಂತು. ಕೋರೋ ಎಂಬ ದೂರದರ್ಶಕದ ನಿಜವಾದ ದತ್ತಾಂಶವನ್ನೇ ಆಟಗಾರರ ಮುಂದಿಟ್ಟರು. ಆ ಕೆಲಸದ ಜೊತೆ ನಿಂತವರು ಮಿಶೆಲ್ ಮೇಯರ್. ಸೂರ್ಯನಂಥ ನಕ್ಷತ್ರದ ಸುತ್ತ ಮೊದಲ ಗ್ರಹವನ್ನು 1995ರಲ್ಲಿ ದಿದಿಯೇ ಕೆಲೋ ಜೊತೆ ಕಂಡುಹಿಡಿದವರು ಅವರೇ. ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತು. 2020ರಲ್ಲಿ ಅದೇ ವಿಭಾಗ ಕೋವಿಡ್ ಸಂಶೋಧನೆಗೆ ರಕ್ತಕಣಗಳ ದತ್ತಾಂಶವನ್ನು ವಿಂಗಡಿಸಿತು.

ಗ್ರಹ ಹುಡುಕುವುದು ಕೇಳಲು ಸುಲಭ. ನಕ್ಷತ್ರದ ಮುಂದೆ ಗ್ರಹ ಹಾದರೆ ಅದರ ಬೆಳಕು ಸ್ವಲ್ಪ ಇಳಿಯುತ್ತದೆ. ಗುರುವಿನಷ್ಟು ದೊಡ್ಡ ಗ್ರಹವಾದರೆ ಶೇ 1ರಷ್ಟು, ಭೂಮಿಯಷ್ಟಾದರೆ ಶೇ 0.01ಕ್ಕಿಂತಲೂ ಕಡಿಮೆ. ಬೆಳಕಿನ ಗ್ರಾಫ್‌ನಲ್ಲಿ ಆ ತಗ್ಗನ್ನು ಗುರುತಿಸಬೇಕು. ಒಬ್ಬರು ಗುರುತಿಸಿದರೆ ಸಾಲದು. ಅದೇ ಗ್ರಾಫನ್ನು ಹಲವರಿಗೆ ತೋರಿಸುತ್ತಾರೆ. ಮಧ್ಯೆ ಮಧ್ಯೆ ಉತ್ತರ ಗೊತ್ತಿರುವ ಗ್ರಾಫ್ ಕೊಟ್ಟು ನಮ್ಮ ಕಣ್ಣನ್ನೂ ಪರೀಕ್ಷಿಸುತ್ತಾರೆ. ಸಾಕಷ್ಟು ಜನ ಒಪ್ಪಿದ ಮೇಲೆ ಅದು ವಿಜ್ಞಾನಿಗಳ ಕೈಗೆ ಹೋಗುತ್ತದೆ.

ಈ ಪದ್ಧತಿ ನಮಗೆ ಹೊಸದೇ? ರಂಜಾನ್ ಇಪ್ಪತ್ತೊಂಬತ್ತರ ಸಂಜೆ ಮಾಳಿಗೆ ಹತ್ತಿ ಪಶ್ಚಿಮಕ್ಕೆ ಕಣ್ಣು ನೆಟ್ಟು ನಿಲ್ಲುವವರು ನಾವು. ‘ಚಾಂದ್ ಕಂಡಿತು’ ಎಂದು ಯಾರೋ ಕೂಗಿದರೆ ಹಿರಿಯರು ಕೂಡಲೇ ಒಪ್ಪುವುದಿಲ್ಲ. ಎಲ್ಲಿ ಕಂಡಿತು, ಎಷ್ಟು ಎತ್ತರದಲ್ಲಿ, ಜೊತೆಗೆ ಯಾರಿದ್ದರು ಎಂದು ಕೇಳುತ್ತಾರೆ. ನೋಡಿದ್ದೇನೆ ಎನ್ನುವುದು ಬೇರೆ, ಸಾಕ್ಷಿ ಹೇಳುವುದು ಬೇರೆ. ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ಮುಂದಕ್ಕೆ ತಳ್ಳುವ ನಮ್ಮ ಪೀಳಿಗೆಗೆ ಈ ವ್ಯತ್ಯಾಸ ತಿಳಿಯುವುದು ಪರೀಕ್ಷೆಯ ಅಂಕಕ್ಕಿಂತ ಮುಖ್ಯ.

ಅಬ್ದುರ್ರಹ್ಮಾನ್ ಅಲ್ ಸೂಫಿ 964ರ ಸುಮಾರಿಗೆ ಬರೆದ ನಕ್ಷತ್ರಗಳ ಪುಸ್ತಕದಲ್ಲಿ ಒಂದು ‘ಚಿಕ್ಕ ಮೋಡ’ವನ್ನು ಗುರುತಿಸಿದರು. ಅದು ಆಂಡ್ರೊಮಿಡಾ ಗ್ಯಾಲಕ್ಸಿ ಎಂದು ಇಂದು ನಮಗೆ ಗೊತ್ತು. ಸಮರ್ಕಂದದ ಉಲುಗ್ ಬೇಗ್ ಹಳೆಯ ಪಟ್ಟಿಯನ್ನು ಹಾಗೇ ನಕಲು ಮಾಡದೆ ನಕ್ಷತ್ರಗಳ ಸ್ಥಾನವನ್ನು ಹೊಸದಾಗಿ ಅಳೆಸಿದರು. ನಮ್ಮ ರೈತರು ಯಾವ ರೋಹಿಣಿಯ ಹೆಸರಲ್ಲಿ ಮಳೆ ಎಣಿಸುತ್ತಾರೋ ಅದೇ ನಕ್ಷತ್ರವನ್ನು ಜಗತ್ತು ಅಲ್ಡೆಬರಾನ್ ಎನ್ನುತ್ತದೆ. ಹಿಂಬಾಲಿಸುವವನು ಎಂಬ ಅರ್ಥದ ಅರಬ್ಬಿ ಮಾತು ಅದು. ಹೊಲದ ಆಕಾಶವೂ ಕಿತಾಬಿನ ಆಕಾಶವೂ ಒಂದೇ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಈವ್ ಆಟಕ್ಕೆ ಒಳ್ಳೆಯ ಕಂಪ್ಯೂಟರ್ ಬೇಕು, ಗಂಟೆಗಟ್ಟಲೆ ಸಮಯ ಬೇಕು. ಪುಕ್ಕಟೆ ಆಡಬಹುದಾದರೂ ದುಡ್ಡು ಸುರಿಯಲು ದಾರಿಗಳು ಬಹಳ. ಹುಡುಕುತ್ತಾ ಹೋದವರನ್ನು ಇನ್ನೊಬ್ಬರು ಹುಡುಕಿ ಹಡಗು ಉಡಾಯಿಸಿದರೆ ದಿನದ ಗಳಿಕೆ ಮಣ್ಣುಪಾಲು. ಅದನ್ನು ಮತ್ತೆ ಗಳಿಸಲು ಇನ್ನೊಂದು ರಾತ್ರಿ. ಅದರ ಮೊಬೈಲ್ ರೂಪ ಈವ್ ಎಕೋಸ್, ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ನಿಷೇಧಿಸಿದ 54 ಆ್ಯಪ್‌ಗಳಲ್ಲಿ ಒಂದು. ಗರೇನಾ ಫ್ರೀ ಫೈರ್ ಕೂಡ ಅದೇ ಪಟ್ಟಿಯಲ್ಲಿತ್ತು. ಆದ್ದರಿಂದ ಕಾಲೇಜಿನಲ್ಲಿ ಈವ್ ಆಡಿಸಿ ಎಂದು ನಾನು ಕೇಳುತ್ತಿಲ್ಲ.

ಆಟವಿಲ್ಲದೆಯೂ ಈ ಹುಡುಕಾಟ ಸಾಧ್ಯ. ಝೂನಿವರ್ಸ್ ಎಂಬ ತಾಣದಲ್ಲಿ ‘ಪ್ಲಾನೆಟ್ ಹಂಟರ್ಸ್’ ಯೋಜನೆಯಿದೆ. ದುಡ್ಡು ಬೇಡ, ಸಾಧಾರಣ ಮೊಬೈಲ್ ಬ್ರೌಸರ್ ಸಾಕು. ನಾಲ್ಕು ನಕ್ಷತ್ರಗಳ ವ್ಯವಸ್ಥೆಯೊಂದರಲ್ಲಿ ಒಂದು ಗ್ರಹವಿದೆ ಎಂದು 2012ರಲ್ಲಿ ಪ್ರಕಟವಾದದ್ದು ಅಲ್ಲಿನ ಇಬ್ಬರು ಸ್ವಯಂಸೇವಕರ ಕಣ್ಣಿಗೆ ಬಿದ್ದ ತಗ್ಗಿನಿಂದ. ನಮ್ಮ ದೇಶದಲ್ಲೇ ಆರ್‌ಎಡಿ ಅಟ್ ಹೋಮ್ ಎಂಬ ಬಳಗ 2013ರಿಂದ ಪುಣೆ ಹತ್ತಿರದ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ ಚಿತ್ರಗಳನ್ನು ನೋಡುವುದನ್ನು ವಿದ್ಯಾರ್ಥಿಗಳಿಗೆ ಕಲಿಸುತ್ತಿದೆ. ಡಿಗ್ರಿಗೆ ಹೋಗುವವರು ಅದನ್ನು ನೆನಪಿಡಬಹುದು.

ಇದರಲ್ಲಿ ನನ್ನಂಥ ಹುಡುಗಿಯರ ಸ್ವಾರ್ಥವೂ ಇದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ರಾತ್ರಿ ಆಕಾಶ ವೀಕ್ಷಣೆ ಎಲ್ಲಾದರೂ ನಡೆದರೆ ನಮ್ಮಲ್ಲಿ ಅರ್ಧ ಜನರಿಗೆ ಹೋಗಲಾಗುವುದಿಲ್ಲ. ಸಂಜೆಯ ಬಸ್ಸು ತಪ್ಪಿದರೆ ಹಳ್ಳಿಗೆ ಬೇರೆ ಬಸ್ಸಿಲ್ಲ. ಇದ್ದರೂ ಮನೆಯಲ್ಲಿ ಒಪ್ಪುವುದಿಲ್ಲ. ಹಗಲಿನಲ್ಲಿ, ಲೈಬ್ರರಿಯಲ್ಲಿ ಕೂತು ಮಾಡುವ ಹುಡುಕಾಟಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ದೂರದ ನಕ್ಷತ್ರದವರೆಗೆ ಹೋಗಿ ಬರಲು ಒಂದು ಪಿರಿಯಡ್ ಸಾಕು.

ಹಾಗಾಗಿ ಪ್ರಾಚಾರ್ಯರಲ್ಲೂ ಉಪನ್ಯಾಸಕರಲ್ಲೂ ನನ್ನ ಕೋರಿಕೆ ಮೂರು. ಒಂದು, ಶನಿವಾರ ಒಂದು ಪಿರಿಯಡ್ ಕಾಲೇಜಿನ ಕಂಪ್ಯೂಟರ್‌ಗಳನ್ನು ಇದಕ್ಕೆ ಬಿಡಿ. ಆರ್ಟ್ಸ್, ಕಾಮರ್ಸ್‌ನವರಿಗೂ ಬಾಗಿಲು ತೆರೆದಿರಲಿ, ತಗ್ಗು ಗುರುತಿಸಲು ಕಣ್ಣು ಸಾಕು. ಎರಡು, ಸೂಚನೆಗಳು ಇಂಗ್ಲಿಷಿನಲ್ಲಿವೆ. ಉರ್ದು ಮತ್ತು ಕನ್ನಡ ಮಾಧ್ಯಮದಿಂದ ಬಂದವರು ಅಲ್ಲೇ ನಿಂತುಬಿಡುತ್ತಾರೆ. ಎರಡೂ ಭಾಷೆಯಲ್ಲಿ ಒಂದೊಂದು ಪುಟದ ಕೈಪಿಡಿ ಮಾಡೋಣ, ಬರೆಯಲು ನಾವು ಕೆಲವರು ಸಿದ್ಧ. ಮೂರು, ಪ್ರತಿ ಚಾಂದ್ರಮಾನ ತಿಂಗಳ ಇಪ್ಪತ್ತೊಂಬತ್ತಕ್ಕೆ ಮನೆಯ ಮಾಳಿಗೆಯಿಂದಲೇ ಚಂದ್ರನನ್ನು ನೋಡಿ, ಸಮಯ, ದಿಕ್ಕು, ಮೋಡ ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆಯೋಣ. ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಯೋಣ. ಹಾನಗಲ್ಲಿನಲ್ಲಿ ಮೋಡ ಕವಿದ ಸಂಜೆ ಸವಣೂರಿನಲ್ಲಿ ಆಕಾಶ ತೆರೆದಿರಬಹುದು. ಶಿಗ್ಗಾವಿ, ಹಿರೇಕೆರೂರಿನ ಕಾಲೇಜಿನ ಗೆಳೆಯ ಗೆಳತಿಯರೂ ಸೇರಿದರೆ ನಾಲ್ಕು ಊರಿನ ಲೆಕ್ಕ ಒಂದಕ್ಕೊಂದು ಹೋಲಿಸಲು ಸಿಗುತ್ತದೆ.

ಇಷ್ಟಕ್ಕೆ ಹೊಸ ಕಟ್ಟಡ ಬೇಡ, ದೇಣಿಗೆ ಬೇಡ. ವಾರಕ್ಕೆ ಒಂದು ಪಿರಿಯಡ್, ಒಂದು ನೋಟ್‌ಬುಕ್ ಸಾಕು. ಮುಂದಿನ ಸಂಚಿಕೆಯೊಳಗೆ ಉತ್ತರ ಸಿಕ್ಕರೆ ಮೊದಲ ಪಟ್ಟಿಯನ್ನು ಇದೇ ಪುಟದಲ್ಲಿ ಕೊಡುತ್ತೇವೆ.