ಸದ್ದು ಹಿಗ್ಗಿಸುವ ಪುಟ್ಟ ಪೆಟ್ಟಿಗೆ

ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಕಾರಣಿಕದ ದಿನ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಅಷ್ಟೂ ಜನ ಗಪ್‌ಚಿಪ್. ಮರುಕ್ಷಣ ಕೇಳುವುದು ಒಂದೇ ಒಂದು ಸಾಲು. ಆ ಸಾಲಿನಲ್ಲಿ ಒಂದಕ್ಷರ ತಪ್ಪಿ ಕೇಳಿಸಿದರೂ ಮಳೆ-ಬೆಳೆಯ ಅರ್ಥವೇ ಬೇರೆಯಾಗುತ್ತದೆ. ಮಾತನ್ನು ದೊಡ್ಡದು ಮಾಡುವುದು ಸುಲಭ. ಕೆಡಿಸದೆ ದೊಡ್ಡದು ಮಾಡುವುದು ಕಷ್ಟ. ಆಂಪ್ಲಿಫೈಯರ್ ಎಂಬ ಯಂತ್ರದ ಕಷ್ಟವೂ ಅದೇ.

ಈ ಯಂತ್ರವನ್ನು ಮನೆಯಲ್ಲೇ ಕಟ್ಟುವ ಹುಚ್ಚು ಕರ್ನಾಟಕಕ್ಕೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 30 ವ್ಯಾಟ್‌ನ ಪ್ರೇಷಕದಲ್ಲಿ ಬಾನುಲಿ ಪ್ರಸಾರ ಆರಂಭಿಸಿದರು. ಅದು ಗಾಜಿನ ಕವಾಟಗಳ ಕಾಲ. 1947ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಟೇನ್ ಜರ್ಮೇನಿಯಂ ಚೂರಿನಿಂದ ಸಂಕೇತವನ್ನು ಹಿಗ್ಗಿಸಿ ತೋರಿಸಿದರು. ಶಾಕ್ಲಿಯವರೊಡನೆ ಅವರಿಗೆ 1956ರ ನೊಬೆಲ್ ಬಹುಮಾನ ಸಂದಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1962ರಲ್ಲಿ ಜರ್ಮೇನಿಯಂ ಸಾಧನಗಳ ತಯಾರಿಕೆಗೆ ಕೈಹಾಕಿತು. ಹಳೆಯ ರೇಡಿಯೋ ಬಿಚ್ಚಿದರೆ ಇಂದಿಗೂ ಸಿಗುವ ಎಸಿ 128, ಎಸಿ 187, ಎಸಿ 188 ಎಂಬ ಪುಟ್ಟ ಲೋಹದ ಟೋಪಿಗಳು ಜರ್ಮೇನಿಯಂ ಯುಗದ ಕುರುಹುಗಳೇ.

ಟ್ರಾನ್ಸಿಸ್ಟರ್ ಮಾಡುವ ಕೆಲಸ ತುಂಗಭದ್ರಾ ಕಾಲುವೆಯ ತೂಬಿನದು. ತೂಬಿನ ಹಿಡಿಕೆ ತಿರುಗಿಸಲು ಸಾಕಾಗುವುದು ಒಬ್ಬನ ಕೈಬಲ. ಹರಿಯುವ ನೀರು ಮಾತ್ರ ಹತ್ತಾರು ಎಕರೆಗೆ ಸಾಕು. ಬೇಸ್‌ಗೆ ಕೊಡುವ ಅಲ್ಪ ವಿದ್ಯುತ್ ಪ್ರವಾಹ, ಕಲೆಕ್ಟರ್‌ನಲ್ಲಿ ಅದರ ಹಲವು ಪಟ್ಟು ಪ್ರವಾಹವನ್ನು ಹಿಡಿತದಲ್ಲಿಡುತ್ತದೆ. ಹೆಚ್ಚಿನ ಶಕ್ತಿ ಬರುವುದು ಬ್ಯಾಟರಿಯಿಂದ, ಟ್ರಾನ್ಸಿಸ್ಟರ್‌ನಿಂದ ಅಲ್ಲ.

ಮನೆಯಲ್ಲಿ ಕಟ್ಟಲು ತಕ್ಕದ್ದು 9 ವೋಲ್ಟ್‌ನ ಮಂಡಲ. ಮುಂದೆ ಒಂದು ಸಣ್ಣ ಟ್ರಾನ್ಸಿಸ್ಟರ್, ಅದರ ಹಿಂದೆ ಚಾಲಕ, ಕೊನೆಗೆ ಎಸಿ 187 ಮತ್ತು ಎಸಿ 188ರ ಜೋಡಿ. ಈ ಜೋಡಿಯಲ್ಲಿ ಒಂದು ಎನ್‌ಪಿಎನ್, ಇನ್ನೊಂದು ಪಿಎನ್‌ಪಿ. ಧ್ವನಿತರಂಗದ ಮೇಲರ್ಧವನ್ನು ಒಂದು, ಕೆಳಗಿನರ್ಧವನ್ನು ಇನ್ನೊಂದು ಹೊರುತ್ತದೆ. 8 ಓಮ್‌ನ ಸ್ಪೀಕರಿಗೆ ಲೆಕ್ಕದ ಪ್ರಕಾರ ಸಿಗಬಹುದಾದ ಗರಿಷ್ಠ ಶಕ್ತಿ ಸುಮಾರು ಒಂದೂಕಾಲು ವ್ಯಾಟ್. ಕೈಗೆ ಸಿಗುವುದು ಒಂದಕ್ಕಿಂತ ಕಡಿಮೆ. ಒಂದು ಕೋಣೆಗೆ ಅದು ಧಾರಾಳ. ಸ್ಪೀಕರಿನ ಹಾದಿಯಲ್ಲಿ 1000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇಟ್ಟರೆ ಸೆಕೆಂಡಿಗೆ 20 ಕಂಪನಗಳವರೆಗಿನ ಮಂದ್ರ ಸ್ವರಕ್ಕೂ ದಾರಿ ಸಿಗುತ್ತದೆ. ಕಾಸು ಉಳಿಸಲು 100ರದು ಹಾಕಿದರೆ 200 ಕಂಪನಗಳ ಕೆಳಗಿನದು ಸೊರಗಿ, ಡೊಳ್ಳು ತಗಡಿನ ಡಬ್ಬಿಯಾಗುತ್ತದೆ.

ತೊಡಕು ಇರುವುದು ಜೋಡಿಯ ಕೈಬದಲಿನಲ್ಲಿ. ಮರದ ದಿಮ್ಮಿ ಕೊಯ್ಯುವ ಇಬ್ಬರಲ್ಲಿ ಒಬ್ಬ ಎಳೆದು ಬಿಟ್ಟ ಮೇಲೆ ಇನ್ನೊಬ್ಬ ತಡವಾಗಿ ಹಿಡಿದರೆ ಗರಗಸ ನಡುವೆ ನಿಲ್ಲುತ್ತದೆ. ಜರ್ಮೇನಿಯಂ ಟ್ರಾನ್ಸಿಸ್ಟರ್ ಎಚ್ಚರಗೊಳ್ಳಲು ಸುಮಾರು 0.2 ವೋಲ್ಟ್ ಬೇಕು, ಸಿಲಿಕಾನ್‌ಗೆ 0.6. ಅಷ್ಟರೊಳಗಿನ ಸಂಕೇತಕ್ಕೆ ಎರಡೂ ನಿದ್ದೆಯಲ್ಲೇ ಇರುತ್ತವೆ. ದೊಡ್ಡ ಸದ್ದಿನಲ್ಲಿ ಈ ಕಂದಕ ಗೊತ್ತಾಗದು. ಮೆಲುದನಿಯನ್ನು ಅದು ನುಂಗಿಬಿಡುತ್ತದೆ. ಮಾತಿನಲ್ಲಿ ಸ್ವರಗಳು ಗಟ್ಟಿ, ಸ, ತ, ಫ ಮುಂತಾದ ವ್ಯಂಜನಗಳು ಮೆಲು. ಹಾಗಾಗಿ ಕೊನೆಯ ‘ಪರಾಕ್’ ಗಟ್ಟಿಯಾಗಿ ಕೇಳಿಸಿದರೂ ನಡುವಿನ ಪದ ಯಾವುದೆಂದು ತಿಳಿಯದೆ ಹೋದೀತು. ಇದಕ್ಕೆ ಮದ್ದು, ಸಂಕೇತ ಇಲ್ಲದಾಗಲೂ ಜೋಡಿಯ ಮೂಲಕ ಐದಾರು ಮಿಲಿಆಂಪಿಯರ್ ಹರಿಯುವಂತೆ ಬಯಾಸ್ ಕೊಡುವುದು.

ಮದ್ದೇ ವಿಷವಾಗುವುದೂ ಇಲ್ಲೇ. ಜರ್ಮೇನಿಯಂ ಕಾವು ತಾಳದು. ಉಷ್ಣತೆ ಸುಮಾರು 10 ಡಿಗ್ರಿ ಏರಿದಂತೆಲ್ಲ ಅದರ ಸೋರಿಕೆ ಪ್ರವಾಹ ಇಮ್ಮಡಿಸುತ್ತದೆ. ಚಳಿಗಾಲದ 20 ಡಿಗ್ರಿಯಲ್ಲಿ ಹದವಾಗಿದ್ದ ಟ್ರಾನ್ಸಿಸ್ಟರ್, ಹಡಗಲಿ ಸೀಮೆಯ ಬೇಸಿಗೆಯ 40 ಡಿಗ್ರಿಯಲ್ಲಿ ನಾಲ್ಕು ಪಟ್ಟು ಸೋರುತ್ತದೆ. ಸೋರಿಕೆಯಿಂದ ಕಾವು, ಕಾವಿನಿಂದ ಇನ್ನಷ್ಟು ಸೋರಿಕೆ. ಕೊನೆಗೆ ಟ್ರಾನ್ಸಿಸ್ಟರ್ ಸುಟ್ಟು ಕೂರುತ್ತದೆ. ಎಮಿಟರ್‌ಗಳಿಗೆ ಅರ್ಧದಿಂದ ಒಂದು ಓಮ್‌ನ ರೋಧಕ, ಟೋಪಿಗಳಿಗೆ ಅಲ್ಯೂಮಿನಿಯಂ ಪಟ್ಟಿ, ಅದಕ್ಕೆ ತಾಗಿಕೊಂಡು ಕಾವೇರಿದಂತೆ ಬಯಾಸ್ ತಗ್ಗಿಸುವ ಥರ್ಮಿಸ್ಟರ್ - ಈ ಮೂರೂ ಇದ್ದರೆ ಭಯವಿಲ್ಲ. ಬೆಸುಗೆ ಹಾಕುವಾಗಲೂ ಕಾಲನ್ನು ಇಕ್ಕಳದಲ್ಲಿ ಹಿಡಿದರೆ ಕಾವು ಒಳಗೆ ಏರದು. ಸಿಲಿಕಾನ್ ಬಂದು ಜರ್ಮೇನಿಯಂ ಹಿಂದೆ ಸರಿದದ್ದಕ್ಕೆ ಈ ಸೋರಿಕೆಯೂ ಒಂದು ಮುಖ್ಯ ಕಾರಣ.

ಕಟ್ಟಿದ ಕೂಡಲೇ ಸ್ಪೀಕರ್ ಜೋಡಿಸುವುದು ಅವಸರದವರ ಕೆಲಸ. ಬಲ್ಲವರು ಮೊದಲು 100 ಓಮ್‌ನ ರೋಧಕದ ಮೂಲಕ ಬ್ಯಾಟರಿ ಕೊಡುತ್ತಾರೆ. ತಂತಿ ತಪ್ಪಿದ್ದರೆ ರೋಧಕ ಬಿಸಿಯಾಗುತ್ತದೆ, ಟ್ರಾನ್ಸಿಸ್ಟರ್ ಉಳಿಯುತ್ತದೆ. ಜೋಡಿಯ ನಡುಬಿಂದುವಿನಲ್ಲಿ ಬ್ಯಾಟರಿಯ ಅರ್ಧ, ಅಂದರೆ ನಾಲ್ಕೂವರೆ ವೋಲ್ಟ್ ಆಸುಪಾಸು ಕಂಡರೆ ಮಂಡಲ ಸಮತೋಲದಲ್ಲಿದೆ. ಆಮೇಲೆ ರೋಧಕ ತೆಗೆದು, ಹತ್ತು ನಿಮಿಷ ಬಿಟ್ಟು, ಪ್ರವಾಹ ಏರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೊದಲ ಪ್ರಯತ್ನಕ್ಕೆ ಬ್ಯಾಟರಿಯೇ ಮೇಲು. ಮನೆಯ 230 ವೋಲ್ಟ್‌ನೊಂದಿಗೆ ಮಕ್ಕಳಾಟ ಸಲ್ಲದು.

ಇಂದು ಇಷ್ಟೇ ಕೆಲಸವನ್ನು ಉಗುರಗಲದ ಚಿಪ್ಪೊಂದು ಇನ್ನೂ ಅಚ್ಚುಕಟ್ಟಾಗಿ ಮಾಡುತ್ತದೆ. ಆದರೆ ಚಿಪ್ಪಿನೊಳಗೆ ಏನಾಗುತ್ತಿದೆಯೆಂದು ಬೆರಳಿಟ್ಟು ನೋಡಲಾಗದು. ಹಳೆಯ ಟೋಪಿ ಬಿಸಿಯಾದರೆ ಬೆರಳಿಗೆ ತಿಳಿಯುತ್ತದೆ, ಬಯಾಸ್ ತಪ್ಪಿದರೆ ಕಿವಿಗೆ ತಿಳಿಯುತ್ತದೆ. ಕಾರಣಿಕದ ಅರ್ಥ ಹೇಳುವುದು ಯಂತ್ರದ ಕೆಲಸವಲ್ಲ. ಆಡಿದ ಮಾತನ್ನು ಆಡಿದಂತೆಯೇ ದಾಟಿಸಿದರೆ ಅದರ ಹೊಣೆ ಮುಗಿಯಿತು. ಅದು ಎಷ್ಟು ಕಷ್ಟದ ಹೊಣೆ ಎಂಬುದು ಬೆಸುಗೆಕೋಲು ಹಿಡಿದವರಿಗೇ ಗೊತ್ತು.